ಮುಳ್ಳಿಲಿಯ ಬೆನ್ನ ಮೇಲಿನ ಜಗಳ

ಮಾವನಿಗೆ ಮುಳ್ಳಿಲಿಯ ಹುಚ್ಚು ಹಿಡಿದದ್ದು ಬಸ್ಸಿನ ಸ್ಟಿಯರಿಂಗ್ ಬಿಟ್ಟ ಮೇಲೆ. ಹರೆಯದಿಂದ ನರೆಯುವವರೆಗೂ ಊರಿನ ಬಸ್ಸು ಓಡಿಸಿದ ಮನುಷ್ಯ. ಕೆಲಸದ ಕೊನೆಯ ತಿಂಗಳಲ್ಲಿ ಒಂದು ಮುಂಜಾನೆ, ಡಿಪೋದ ಗೇಟಿನಲ್ಲಿ ಚಕ್ರದ ಕೆಳಗೆ ಹೋಗಬೇಕಿದ್ದ ಒಂದು ಜೀವವನ್ನು ಟೋಪಿಯಲ್ಲಿ ಎತ್ತಿಕೊಂಡು ಮನೆಗೆ ತಂದರು. ಅದರ ಕಾಲು ವಾಸಿಯಾಗುವಷ್ಟರಲ್ಲಿ ಸುದ್ದಿ ಹಬ್ಬಿ, ಹುಲ್ಲು ಕತ್ತರಿಸುವ ಮಷಿನ್ನಿಗೆ ಸಿಕ್ಕಿದ್ದು, ನಾಯಿ ಕಚ್ಚಿದ್ದು, ಚರಂಡಿಗೆ ಬಿದ್ದದ್ದು ಎಂದು ಜನ ರಟ್ಟಿನ ಡಬ್ಬಗಳಲ್ಲಿ ತಂದು ಬಾಗಿಲಲ್ಲಿ ಇಡತೊಡಗಿದರು. ಹಿತ್ತಿಲ ಶೆಡ್ಡು ಆಸ್ಪತ್ರೆಯಾಯಿತು. ಮಾವ ಬೀದಿಗೆಲ್ಲ ಮುಳ್ಳುತಾತ ಆದರು.

"ಮುಳ್ಳುಹಂದಿನಾ?" ಎಂದು ಯಾರಾದರೂ ಕೇಳಿದರೆ ಅವರಿಗೆ ಕೋಪ ಬರುತ್ತಿತ್ತು. "ಹಂದಿನೂ ಅಲ್ಲ, ಇಲಿನೂ ಅಲ್ಲ. ಇಷ್ಟೇ ಇಷ್ಟು, ಅಂಗೈಯಲ್ಲಿ ಕೂರತ್ತೆ. ಹೆದರಿದ್ರೆ ಮುಳ್ಳಿನ ಚೆಂಡಾಗತ್ತೆ, ಹಸಿದ್ರೆ ಗೊಣಗತ್ತೆ. ಥೇಟ್ ನಮ್ಮ ಮನೆಯವಳು!"

ಅಡುಗೆಮನೆಯಿಂದ ಅತ್ತೆ, "ಕೇಳಿಸ್ತಿದೆ ನನಗೆ," ಎನ್ನುತ್ತಿದ್ದರು.

ಸೊಸೆ ಮದುವೆಯಾಗಿ ಬಂದ ಮಾರನೆಯ ದಿನವೇ ಮಾವ ಅವಳನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ನೆಂಟರನ್ನು ಪರಿಚಯ ಮಾಡಿಸುವ ಹಾಗೆ ಒಂದೊಂದನ್ನೇ ತೋರಿಸಿದ್ದರು. ಇವನು ಗೊಣಗಪ್ಪ, ಇವಳು ಕುಂಟಿ, ಇದು ಚಪಾತಿ, ಏಕೆಂದರೆ ಇದರ ಮೇಲೆ ಸೈಕಲ್ ಹತ್ತಿತ್ತು. ಸೊಸೆ ಬಾಗಿಲ ಹೊರಗೇ ನಿಂತು ನಕ್ಕು, ಮನೆಯೊಳಗೆ ಬಂದು ಸೋಪು ಹಚ್ಚಿ ಕೈ ತೊಳೆದಿದ್ದಳು. ಅವಳು ಯಾವುದನ್ನೂ ಮುಟ್ಟಿಯೇ ಇರಲಿಲ್ಲ. ಆದರೂ ತೊಳೆದಳು. ಅದು ಅವಳ ಕಸುಬಿನ ರೋಗ. ಊರಿನ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ, ರೋಗಿಗಳ ಕೀವು, ಕಫ, ಮೂತ್ರ ಬಂದು ಬೀಳುವ ವಿಭಾಗದಲ್ಲಿ ಅವಳಿಗೆ ಕೆಲಸ. ಗಾಜಿನ ತಟ್ಟೆಯ ಮೇಲೆ ರೋಗಾಣುಗಳನ್ನು ಬೆಳೆಸಿ, ಯಾವ ಮದ್ದಿಗೆ ಯಾವುದು ಸಾಯುತ್ತದೆ ಎಂದು ನೋಡಿ ಹೇಳುವುದು. ಹಗಲೆಲ್ಲ ಅದನ್ನೇ ನೋಡಿದವಳಿಗೆ ಮಾವನ ಶೆಡ್ಡು ಪ್ರೀತಿಯ ಜಾಗವಾಗಿ ಕಾಣಲಿಲ್ಲ, ಗಲೀಜಿನ ಜಾಗವಾಗಿ ಕಂಡಿತು. ಬಾಯಿಬಿಟ್ಟು ಹೇಳಲಿಲ್ಲ. ಮಗಳು ಹುಟ್ಟಿ ಅಂಬೆಗಾಲಿಡತೊಡಗಿದ ಮೇಲೆ ಮಾತ್ರ ಹಿತ್ತಿಲ ಬಾಗಿಲಿಗೆ ಒಂದು ಚಿಲಕ ಹೆಚ್ಚಾಯಿತು.

ಹೀಗಿರುವಾಗ ಮಾವನ ಬಲಗೈ ತೋರುಬೆರಳು ಊದಿಕೊಂಡಿತು.

ತಂತಿಗೆ ಸಿಕ್ಕು ಗಾಯವಾಗಿದ್ದ ಒಂದು ಮುಳ್ಳಿಲಿಯನ್ನು ಬಿಡಿಸುವಾಗ ಉಗುರಿನ ಬುಡಕ್ಕೆ ಮುಳ್ಳು ಚುಚ್ಚಿತ್ತಂತೆ. ಅವರಿಗೆ ಅದು ಲೆಕ್ಕಕ್ಕೇ ಇಲ್ಲದ ವಿಷಯ. ಆದರೆ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು, ಬಾತಿತು, ಹಸಿರು ಹಳದಿ ಕೀವು ತುಂಬಿಕೊಂಡಿತು. ಬೀದಿ ಕೊನೆಯ ಡಾಕ್ಟರು ಪೆನ್ಸಿಲಿನ್ ಜಾತಿಯ ಮಾತ್ರೆ ಕೊಟ್ಟರು. ಮಾತ್ರೆ ಮುಗಿಯುತ್ತ ಬಂತು, ಬಾವು ಇಳಿಯಲಿಲ್ಲ. ಬದಲಿಗೆ ಕೆಂಪು ಗೆರೆಯೊಂದು ಮಣಿಕಟ್ಟಿನ ಕಡೆ ಹತ್ತತೊಡಗಿತು. ರಾತ್ರಿ ನೋವಿಗೆ ನಿದ್ದೆಯಿಲ್ಲದೆ ಮಾವ ಹಜಾರದಲ್ಲಿ ಕೂತು, ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು, "ಇದು ನನ್ನ ಕೈಯೇ ಅಲ್ಲ ಅನ್ನಿಸ್ತಿದೆ ಕಣಮ್ಮ, ಯಾರದೋ ತಂದು ಅಂಟಿಸಿದ ಹಾಗಿದೆ," ಎಂದಾಗ ಸೊಸೆಗೆ ಹೆದರಿಕೆಯಾಯಿತು. ಮಾರನೆಯ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸರ್ಜನ್ನು ಬೆರಳು ಕೊಯ್ದು ಕೀವು ತೆಗೆದರು. ಆ ಕೀವು ಹತ್ತಿಯ ಕಡ್ಡಿಯ ತುದಿಯಲ್ಲಿ ಅವಳ ಮೇಜಿಗೇ ಬಂತು.

ತಟ್ಟೆಯಲ್ಲಿ ಬೆಳೆದದ್ದು ಸ್ಟ್ಯಾಫ್ ಎಂಬ ರೋಗಾಣು. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಮೂರು ಜನರಲ್ಲಿ ಒಬ್ಬರ ಮೂಗಿನಲ್ಲಿ ಅದು ಬಾಡಿಗೆ ಕೊಡದ ಒಕ್ಕಲಿನ ಹಾಗೆ ಸುಮ್ಮನೆ ಕೂತಿರುತ್ತದೆ. ಚರ್ಮ ಒಡೆದ ಕಡೆ ಒಳಗೆ ನುಗ್ಗಿದರೆ ಮಾತ್ರ ತನ್ನ ಬುದ್ಧಿ ತೋರಿಸುತ್ತದೆ. ಸಾಸಿವೆಗಿಂತ ತುಸು ದೊಡ್ಡದಾದ, ಹೊಳೆಯುವ, ಬಂಗಾರದ ಬಣ್ಣದ ಚುಕ್ಕೆಗಳು. ಎಷ್ಟು ಸಲ ನೋಡಿದರೂ ಅವು ಚೆಂದವೇ. ಅವಳು ಅವನ್ನು ಇನ್ನೊಂದು ತಟ್ಟೆಯ ತುಂಬ ಹರಡಿ, ಮೇಲೆ ಮದ್ದಿನಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟಳು. ಮದ್ದು ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಒಂದು ಬರಿ ವೃತ್ತ ಉಳಿಯುತ್ತದೆ. ನಾಟದಿದ್ದರೆ ಬಿಲ್ಲೆಯ ಅಂಚಿಗೇ ಬಂದು ಮುತ್ತಿಕೊಳ್ಳುತ್ತದೆ.

ಮರುದಿನ ಮುಚ್ಚಳ ತೆಗೆದಾಗ ಪೆನ್ಸಿಲಿನ್ ಮನೆತನದ ಬಿಲ್ಲೆಗಳ ಸುತ್ತ ವೃತ್ತವೇ ಇರಲಿಲ್ಲ.

ಅಂದರೆ ಎಂಆರ್‌ಎಸ್‌ಎ, ಪೆನ್ಸಿಲಿನ್ ಮನೆತನಕ್ಕೆ ಜಗ್ಗದ ಸ್ಟ್ಯಾಫ್. ಲ್ಯಾಬಿನವರು ತಮ್ಮ ತಮ್ಮಲ್ಲಿ ಅದನ್ನು ಮೊಂಡ ಎನ್ನುತ್ತಿದ್ದರು. ಆಪರೇಷನ್ ಆದವರ ಗಾಯದಲ್ಲಿ, ತೀವ್ರನಿಗಾ ಘಟಕದಲ್ಲಿ ಅದು ಸಿಕ್ಕಿದ ದಿನ ಇಡೀ ವಾರ್ಡು ಉಸಿರು ಬಿಗಿಹಿಡಿಯುತ್ತಿತ್ತು. ಆಸ್ಪತ್ರೆಯಲ್ಲಿ ಹುಟ್ಟಿ, ಆಸ್ಪತ್ರೆಯಲ್ಲಿ ಬೆಳೆದು, ಆಸ್ಪತ್ರೆಯವರ ಕೈಯಿಂದ ಕೈಗೆ ದಾಟುವ ಪಿಡುಗು ಎಂದೇ ಅವಳು ಕಲಿತದ್ದು. ಮಾವ ಆಸ್ಪತ್ರೆಯ ಮೆಟ್ಟಿಲು ಹತ್ತಿ ವರ್ಷಗಳಾಗಿದ್ದವು. ಆ ಮನೆಯಿಂದ ದಿನವೂ ಆಸ್ಪತ್ರೆಗೆ ಹೋಗಿ ಬರುವವಳು ಒಬ್ಬಳೇ.

ಅವಳು ತಟ್ಟೆ ಮುಚ್ಚಿ, ಸಿಂಕಿನ ಕಡೆ ಹೋಗಿ ಮತ್ತೊಮ್ಮೆ ಕೈ ತೊಳೆದಳು.

ಮನೆಗೆ ಬಂದು ವಿಷಯ ಹೇಳಿದಾಗ ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಮೊಮ್ಮಗಳನ್ನು ಸೊಂಟದ ಮೇಲೆ ಏರಿಸಿಕೊಂಡು, ಮೆಲ್ಲನೆ ಕೇಳಿದರು: "ಅದು ಆಸ್ಪತ್ರೆ ರೋಗ ಅಂತೀಯಲ್ಲ, ನಮ್ಮ ಮನೆಗೆ ಹೇಗೆ ಬಂತು?"

"ಗೊತ್ತಿಲ್ಲ ಅತ್ತೆ."

"ಬಟ್ಟೆಗೆ ಅಂಟ್ಕೊಂಡು ಬರತ್ತಾ?"

"ಬರಬಹುದು. ಮೂಗಲ್ಲಿ ಕೂತೂ ಬರಬಹುದು."

ಅತ್ತೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದರು, ಸೊಸೆಯಿಂದ ಆಚೆಗಿನ ಸೊಂಟಕ್ಕೆ. ಅಷ್ಟೇ. ಅಷ್ಟಕ್ಕೇ ಸೊಸೆಯ ಕಣ್ಣು ತುಂಬಿತು. ಅತ್ತೆಯ ಮೇಲೆ ಸಿಟ್ಟು ಬಂದು ಅಲ್ಲ. ರೋಗ ತನ್ನಿಂದಲೇ ಬಂತೆಂಬ ಮಾತನ್ನು ಅವಳೇ ಬಸ್ಸಿನಲ್ಲಿ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

ಆ ಸಂಜೆಯಿಂದ ಅವಳು ಮುಂದಿನ ಕೋಣೆಗೆ ಹಾಸಿಗೆ ಬದಲಾಯಿಸಿದಳು. ತಟ್ಟೆ, ಲೋಟ, ಟವೆಲು ಬೇರೆ. ಮನೆಯವರೆಲ್ಲರ ಮೂಗಿನಿಂದಲೂ ಕಡ್ಡಿಯಲ್ಲಿ ಮಾದರಿ ತೆಗೆದಳು. ಗಂಡ ಸೀನಿದ, ಅತ್ತೆ "ಇದೊಂದು ಬಾಕಿ ಇತ್ತು ನನಗೆ" ಎಂದರು, ಮಗು ಕಡ್ಡಿಯನ್ನೇ ಹಿಡಿದು ಜಗ್ಗಿತು. ಫಲಿತಾಂಶ ಬರುವವರೆಗೆ ಮಗುವನ್ನು ಎತ್ತಿಕೊಳ್ಳುವುದಿಲ್ಲ ಎಂದು ಅವಳೇ ನಿಶ್ಚಯಿಸಿದ್ದಳು. ಮಗುವಿಗೆ ಆ ನಿಶ್ಚಯ ಹೇಗೆ ತಿಳಿಯಬೇಕು? ಅಂಬೆಗಾಲಿನಲ್ಲಿ ಬಂದು ಮುಂದಿನ ಕೋಣೆಯ ಬಾಗಿಲನ್ನು ಅಂಗೈಯಿಂದ ತಟ್ಟುತ್ತಿತ್ತು. ಒಳಗೆ ಅವಳು ಮಂಚದ ಅಂಚಿನಲ್ಲಿ ಕೂತು, ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು, "ಬರ್ತೀನಿ ಪುಟ್ಟಿ, ಬರ್ತೀನಿ," ಎನ್ನುತ್ತಿದ್ದಳು.

ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎಂದಷ್ಟೇ ಕರೆಯುತ್ತಿದ್ದರು. ಕತ್ತಿಗೆ ಒಂದು ಕನ್ನಡಕ, ತಲೆಯ ಮೇಲೊಂದು ಕನ್ನಡಕ, ಮೂರನೆಯದನ್ನು ಹುಡುಕುತ್ತಿರುವ ಹೆಂಗಸು. ಸೊಸೆ ತಟ್ಟೆಗಳನ್ನು ಅವರ ಮುಂದಿಟ್ಟು, ಮಾವನಿಗೆ ತನ್ನಿಂದಲೇ ಅಂಟಿರಬೇಕು ಎಂದು ಹೇಳಿ, "ನನ್ನನ್ನ ರಜೆ ಮೇಲೆ ಕಳಿಸಿ ಮೇಡಂ," ಎಂದಳು.

ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ನಿನ್ನ ಮೂಗಿನದು ಇದೇನಾ?"

"ಹೌದು. ಸ್ಟ್ಯಾಫ್ ಇದೆ."

"ಇದೆ. ಆದ್ರೆ ಹಸುವಿನಂಥದ್ದು. ಎಲ್ಲ ಮದ್ದಿಗೂ ಸಾಯ್ತಾ ಇದೆ, ನೋಡು ಎಷ್ಟೆಷ್ಟು ದೊಡ್ಡ ವೃತ್ತ. ನಿಮ್ಮ ಮಾವಂದು ಬೇರೆ ಜಾತಿ. ನಿನ್ನಿಂದ ಹೋಗಿಲ್ಲ. ನಿಮ್ಮನೆ ಬೇರೆಯವರ ಮೂಗಲ್ಲೂ ಆ ಮೊಂಡ ಇಲ್ಲ." ಅವಳು ಉಸಿರು ಬಿಡುವಷ್ಟರಲ್ಲಿ ಮೇಡಂ ಇನ್ನೊಂದು ತಟ್ಟೆ ಎತ್ತಿಕೊಂಡಿದ್ದರು. "ಅಷ್ಟೇ ಅಲ್ಲ. ಇದು ನಮ್ಮ ಆಸ್ಪತ್ರೆಯ ಮೊಂಡನೂ ಅಲ್ಲ. ನಮ್ಮದು ಐದಾರು ಥರದ ಮದ್ದಿಗೆ ಸೊಪ್ಪು ಹಾಕಲ್ಲ. ಇದು ನೋಡು, ಪೆನ್ಸಿಲಿನ್ ಮನೆತನ ಒಂದಕ್ಕೇ ಬಗ್ಗಲ್ಲ, ಮಿಕ್ಕಿದ್ದಕ್ಕೆಲ್ಲ ಸಲೀಸಾಗಿ ಸಾಯ್ತಿದೆ. ಆ ದಿಢೀರ್ ಪರೀಕ್ಷೆ ಮಾಡಿದ್ಯಾ, ಮೊಂಡನ ಗುರುತು ಹಿಡಿಯೋದು?"

"ಮಾಡಿದೆ. ಮೊಂಡ ಅಲ್ಲ ಅಂತ ಬಂತು. ನಾನೇ ಏನೋ ತಪ್ಪು ಮಾಡಿದೆ ಅಂದ್ಕೊಂಡು ಇನ್ನೊಂದು ಸಲ ಮಾಡಿದೆ. ಆಗಲೂ ಅಲ್ಲ ಅಂತಲೇ ಬಂತು."

ಮೇಡಂ ತಲೆಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಇಳಿಸಿ ಅವಳನ್ನು ನೋಡಿದರು. "ಆ ಪರೀಕ್ಷೆ ಕಣ್ಣು ತಪ್ಪಿಸೋ ಮೊಂಡ ಪ್ರಾಣಿಗಳ ಮೈಮೇಲೆ ಇರತ್ತೆ. ನಿಮ್ಮನೇಲಿ ಪ್ರಾಣಿ ಏನಾದ್ರೂ ಇದ್ಯಾ?"

ಸೊಸೆಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

ಆ ದಿನ ಮನೆಗೆ ಹೋದವಳೇ ಚಪ್ಪಲಿ ಬಿಟ್ಟು, ಕೈ ತೊಳೆದು, ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. ಅತ್ತೆ ತಡೆಯಲಿಲ್ಲ. "ನನ್ನದಲ್ಲ ಅತ್ತೆ," ಎಂದಳು. ಅತ್ತೆ ಒಲೆಯ ಕಡೆ ತಿರುಗಿ, "ನಾನೆಲ್ಲಿ ನಿನ್ನದು ಅಂದೆ," ಎಂದರು. ನಿಜ, ಅಂದಿರಲಿಲ್ಲ.

ಆಮೇಲೆ ಮಗುವನ್ನು ಗಂಡನ ಕೈಗೆ ಕೊಟ್ಟು, ಕೈಗವಸು ಹಾಕಿಕೊಂಡು, ಕಡ್ಡಿಗಳ ಕಟ್ಟು ಹಿಡಿದು ಶೆಡ್ಡಿನೊಳಗೆ ಹೋದಳು. ಮದುವೆಯಾದ ಮೇಲೆ ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಹುಲ್ಲು, ಹಳೇ ಪತ್ರಿಕೆ, ಬೆಕ್ಕಿನ ಆಹಾರದ ಡಬ್ಬಿ, ಇವೆಲ್ಲದರ ಕೆಳಗೆ ಒದ್ದೆ ಮಣ್ಣಿನಂಥ ಒಂದು ವಾಸನೆ. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಕಟ್ಟಿಕೊಂಡು ಮಾವ ಬಾಗಿಲಲ್ಲಿ ನಿಂತರು. ಅವಳು ಬಗ್ಗಿದ ಕೂಡಲೇ ಗೊಣಗಪ್ಪ ಬುಸ್ಸೆಂದು ಚೆಂಡಾದ.

"ಆತುರ ಮಾಡ್ಬೇಡ. ಅಂಗೈ ಮೇಲೆ ಇಟ್ಕೊಂಡು ಸುಮ್ನೆ ನಿಂತ್ಕೋ. ನೀನು ಯಾರು ಅಂತ ಮೂಸಿ ನೋಡಬೇಕು ಅವನು," ಎಂದರು ಮಾವ.

ಅವಳು ನಿಂತಳು. ತುಂಬ ಹೊತ್ತಿನ ಮೇಲೆ ಮುಳ್ಳಿನ ನಡುವೆ ಒಂದು ಬಿರುಕು ಬಿಟ್ಟು, ಒದ್ದೆ ಕಪ್ಪು ಮೂಗೊಂದು ಹೊರಬಂತು. ಮೆಣಸಿನಕಾಳಿನಂಥ ಎರಡು ಕಣ್ಣು. ಬಿಸಿಯಾದ ಪುಟ್ಟ ಹೊಟ್ಟೆ ಅವಳ ಅಂಗೈ ಮೇಲೆ ಏರಿ ಇಳಿಯುತ್ತಿತ್ತು. ಅದರ ಮೂಗು, ಪಾದ, ಮುಳ್ಳಿನ ಬುಡದ ಚರ್ಮ, ಎಲ್ಲ ಕಡೆಯಿಂದಲೂ ಮಾದರಿ ತೆಗೆದಳು. ಮುಳ್ಳಿನ ಬುಡದಲ್ಲಿ ತಲೆಹೊಟ್ಟಿನ ಹಾಗೆ ಬಿಳಿ ಪುಡಿ ಉದುರುತ್ತಿತ್ತು.

"ಇದೇನು ಮಾವ?"

"ಅದಾ? ಎಷ್ಟೋ ಮುಳ್ಳಿಲಿಗೆ ಇರತ್ತೆ. ಅದೊಂಥರ ಬೂಷ್ಟು. ಅವಕ್ಕೇನೂ ತೊಂದ್ರೆ ಕಾಣಲ್ಲ."

ಶೆಡ್ಡಿನಲ್ಲಿದ್ದ ಹೆಚ್ಚಿನವುಗಳ ಮೈಮೇಲೆ ಮಾವನ ಬೆರಳಿನದ್ದೇ ಸ್ಟ್ಯಾಫ್ ಸಿಕ್ಕಿತು. ಅದೇ ಬಂಗಾರ, ಅದೇ ಮೊಂಡುತನ, ದಿಢೀರ್ ಪರೀಕ್ಷೆಯಲ್ಲಿ ಅದೇ ಎಡವಟ್ಟು ಉತ್ತರ. ಇದರಲ್ಲಿ ಅವಳನ್ನು ಕಾಡಿದ್ದು ಒಂದು ಸಂಗತಿ. ರಸ್ತೆ ಕೆಲಸದವರು ಊರಾಚೆಯ ಪೊದೆಯಿಂದ ಎರಡು ಮರಿಗಳನ್ನು ಮಾದರಿ ತೆಗೆದ ದಿನವೇ ಬೆಳಿಗ್ಗೆ ತಂದು ಕೊಟ್ಟಿದ್ದರು. ಮಾವ ಇನ್ನೂ ಅವನ್ನು ಮುಟ್ಟಿರಲಿಲ್ಲ, ಅವು ಡಬ್ಬದಲ್ಲೇ ಇದ್ದವು. ಅವುಗಳ ಮೈಮೇಲೂ ಅದೇ ಇತ್ತು. ಮನುಷ್ಯರ ಮುಖ ನೋಡದ, ಮಾತ್ರೆಯ ಚೂರನ್ನೂ ನೆಕ್ಕದ ಮರಿಗಳು. ಮದ್ದನ್ನೇ ಕಾಣದವುಗಳ ಮೈಮೇಲೆ ಮದ್ದನ್ನು ಗೆದ್ದ ಸ್ಟ್ಯಾಫ್ ಹೇಗೆ ಬಂತು? ಈಜು ಕಲಿಯದವರ ಮನೆಯಲ್ಲಿ ಈಜಿನ ಪದಕ ಸಿಕ್ಕಿದ ಹಾಗಿತ್ತು.

ಮನೆಯಲ್ಲಿ ಅಷ್ಟರಲ್ಲಿ ಪಂಚಾಯಿತಿ ಸೇರಿತ್ತು. ಗಂಡ ಮಾತು ಕಡಿಮೆಯ ಮನುಷ್ಯ, ಆದರೆ ಅಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ: "ಎಲ್ಲ ಖಾಲಿ ಮಾಡ್ಸಿ ಅಪ್ಪ. ಕೂಸಿರೋ ಮನೆ ಇದು."

ಮಾವ ತಲೆ ತಗ್ಗಿಸಿ ಕೂತಿದ್ದರು. ಹೊಸ ಮದ್ದು ಶುರುವಾಗಿ ಬೆರಳಿನ ಬಾವು ಇಳಿಯುತ್ತಿತ್ತು, ಕೆಂಪು ಗೆರೆ ಮಾಸಿತ್ತು. ಮುಖ ಮಾತ್ರ ಇನ್ನಷ್ಟು ಬಾಡಿತ್ತು. "ಮಾಡ್ತೀನಪ್ಪ. ಮೊಮ್ಮಗಳಿಗಿಂತ ಹೆಚ್ಚೇನಲ್ಲ ಅವು. ವಾಸಿಯಾದವನ್ನ ಬಿಡ್ತೀನಿ. ಆಗದೇ ಇದ್ದವನ್ನ..." ಎಂದು ನಿಲ್ಲಿಸಿದರು. ಕುಂಟಿಯಂಥವನ್ನು ಎಲ್ಲಿ ಬಿಟ್ಟರೂ ಬದುಕುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಇಷ್ಟು ವರ್ಷ ಆ ಶೆಡ್ಡು ಯಾವಾಗ ಹೋದೀತು ಎಂದು ಕಾದಿದ್ದವಳು ಸೊಸೆ. ಈಗ ಒಂದು "ಹೂಂ" ಅಂದಿದ್ದರೆ ಸಾಕಿತ್ತು. ಅವಳ ಬಾಯಿಂದ ಬಂದದ್ದು ಬೇರೆ ಮಾತು. "ಸ್ವಲ್ಪ ದಿನ ತಡೀರಿ ಮಾವ. ಮಗು ಆ ಕಡೆ ಹೋಗದ ಹಾಗೆ ನಾನು ನೋಡ್ಕೋತೀನಿ. ಅವುಗಳನ್ನ ಏನೂ ಮಾಡ್ಬೇಡಿ."

ಅತ್ತೆ ಸೌಟು ಹಿಡಿದ ಕೈಯನ್ನು ಸೊಂಟಕ್ಕಿಟ್ಟು ತಿರುಗಿದರು. "ಇದೇನೇ ಇದು? ಅವರ ಹುಚ್ಚು ನಿನಗೂ ಅಂಟ್ತಾ? ಇದಕ್ಕೇನು ಮದ್ದು?"

ಆ ಬೂಷ್ಟಿನ ಮಾತನ್ನು ಅವಳು ಮೇಡಂಗೆ ಹೇಳಿದ್ದು ಹಾಗೇ ಮಾತಿಗೆ ಮಾತು ಬಂದು. ಮೇಡಂ ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟರು.

"ಬೂಷ್ಟು ಅಂದ್ಯಾ? ಪೆನ್ಸಿಲಿನ್ ಎಲ್ಲಿಂದ ಬಂತು, ಹೇಳು."

"ಬೂಷ್ಟಿನಿಂದ." ಮೊದಲ ವರ್ಷದ ಪಾಠ ಅದು. ಹೇಳಿ ಮುಗಿಸುವಷ್ಟರಲ್ಲಿ ಅವಳ ಮೈ ಜುಮ್ಮೆಂದಿತು.

"ಎಲ್ಲೋ ಓದಿದ ನೆನಪು ನನಗೆ. ಮುಳ್ಳಿಲಿ ಚರ್ಮದ ಬೂಷ್ಟೂ ಅಂಥದ್ದೇ ವಿಷ ಮಾಡತ್ತೆ ಅಂತ. ಓದಿದ್ದು ಬೇರೆ, ನೋಡಿದ್ದು ಬೇರೆ. ಬೆಳೆಸ್ತೀಯಾ?"

ಆ ಬೂಷ್ಟು ಸೋಮಾರಿ. ಸ್ಟ್ಯಾಫ್ ಹಗಲು ಹೊರಳಿ ಹಗಲಾಗುವಷ್ಟರಲ್ಲಿ ತಟ್ಟೆ ತುಂಬುತ್ತದೆ. ಇದು ವಾರ ಕಳೆದರೂ ತಾನುಂಟೋ ಮೂರು ಲೋಕವುಂಟೋ ಎಂದು ಕೂತಿತ್ತು. ಗೊಣಗಪ್ಪನ ಉದುರಿದ ಮುಳ್ಳು, ಬಿಳಿ ಪುಡಿ ಹಾಕಿದ್ದ ತಟ್ಟೆಯನ್ನು ಅವಳು ದಿನವೂ ಕೆಲಸ ಮುಗಿದ ಮೇಲೆ ಎತ್ತಿ ನೋಡುತ್ತಿದ್ದಳು. ಮೊದಲು ಉಗುರಿನ ಗಾತ್ರದ ಬಿಳಿ ಮಬ್ಬು. ಆಮೇಲೆ ಹಿಟ್ಟು ಚೆಲ್ಲಿದಂಥ ಒಂದು ಹರಹು. ತಟ್ಟೆ ಮಗುಚಿದರೆ ಅಡಿಯಲ್ಲಿ ಅರಿಸಿನದ ಬಣ್ಣ.

ಸಾಕಷ್ಟು ಬೆಳೆದ ಮೇಲೆ ಅದರಿಂದ ಎರಡು ಚೂರು ಕತ್ತರಿಸಿದಳು. ಒಂದನ್ನು ಸಾಧು ಸ್ಟ್ಯಾಫ್ ಹರಡಿದ ತಟ್ಟೆಯ ನಡುವೆ ಇಟ್ಟಳು. ಸಾಧು ಎಂದರೆ ಯಾರದೋ ಅಲ್ಲ, ಅವಳ ಸ್ವಂತ ಮೂಗಿನದೇ. ಇನ್ನೊಂದನ್ನು ಪೊದೆಯಿಂದ ಬಂದ ಮರಿಗಳ ಸ್ಟ್ಯಾಫ್ ಹರಡಿದ ತಟ್ಟೆಯ ನಡುವೆ. ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಕೋಟು ಕೂಡ ಹಾಕಿಕೊಳ್ಳದೆ ಪೆಟ್ಟಿಗೆ ತೆರೆದಳು.

ಮೊದಲನೆಯ ತಟ್ಟೆಯಲ್ಲಿ ಬೂಷ್ಟಿನ ಚೂರಿನ ಸುತ್ತ ಬರಿದಾದ, ಗುಂಡನೆಯ, ಸ್ವಚ್ಛ ಬಯಲು. ಕಾರ್ಖಾನೆಯಲ್ಲಿ ಮಾಡಿ ಕಾಗದದ ಬಿಲ್ಲೆಗೆ ಹಚ್ಚಿದ ಮದ್ದು ಬಿಡುತ್ತದಲ್ಲ, ಅಂಥದ್ದೇ ವೃತ್ತ. ಅವಳ ಮೂಗಿನ ಸ್ಟ್ಯಾಫ್ ಆ ಗಡಿಯಾಚೆ ಹೆದರಿ ನಿಂತಿತ್ತು. ಎರಡನೆಯ ತಟ್ಟೆಯಲ್ಲಿ ವೃತ್ತವೇ ಇಲ್ಲ. ಮುಳ್ಳಿಲಿಯ ಸ್ಟ್ಯಾಫ್ ಬಂಗಾರದ ರೇಕಿನ ಹಾಗೆ ತಟ್ಟೆ ತುಂಬ ಹರಡಿ, ಬೂಷ್ಟಿನ ಕಾಲಬುಡಕ್ಕೇ ಬಂದು, ಅದಕ್ಕೆ ಒರಗಿಕೊಂಡು ಬೆಳೆದಿತ್ತು.

ಅವಳು ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಕಾರಿಡಾರಿನಲ್ಲಿ ನೆಲ ಒರೆಸುವವರ ಬಕೆಟ್ಟಿನ ಸದ್ದು ಬಂದು ಹೋಯಿತು. ಅವಳ ಕೈಯಲ್ಲಿ ಎರಡು ತಟ್ಟೆ, ಕಣ್ಣಲ್ಲಿ ಏಕೋ ನೀರು. ಕಾಲೇಜಿನಲ್ಲಿ ಕಲಿತದ್ದು, ಇಷ್ಟು ವರ್ಷ ನಂಬಿದ್ದು ಏನು? ಮನುಷ್ಯ ಮದ್ದು ಕಂಡುಹಿಡಿದ, ಬೇಕಾಬಿಟ್ಟಿ ನುಂಗಿದ, ಅದಕ್ಕೇ ರೋಗಾಣು ಮೊಂಡು ಬಿತ್ತು. ಅದು ಸುಳ್ಳೇನಲ್ಲ, ವಾರ್ಡುಗಳಲ್ಲಿ ಹಾಗೇ ಆದದ್ದನ್ನು ಅವಳೇ ಕಂಡಿದ್ದಾಳೆ. ಆದರೆ ಇಲ್ಲಿ, ಈ ಅಂಗೈಯಗಲದ ಬೆನ್ನಿನ ಮೇಲೆ, ಮುಳ್ಳಿನ ಕಾಡಿನ ಕೆಳಗೆ, ಯಾರೂ ಕರೆಯದೆ ಯಾರೂ ನೋಡದೆ ಅದೇ ಯುದ್ಧ ನಡೆದು ಹೋಗಿತ್ತು. ಬೂಷ್ಟು ವಿಷ ಮಾಡಿತು, ಸ್ಟ್ಯಾಫ್ ಅದನ್ನು ತಾಳಿಕೊಳ್ಳುವುದು ಕಲಿಯಿತು. ಮನುಷ್ಯರ ಕಡೆಯವರು ಯಾರೂ ಅಲ್ಲಿ ಇರಲೇ ಇಲ್ಲ.

ಮೇಡಂ ಬಂದು ನೋಡಿದರು. ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡು ಮತ್ತೆ ನೋಡಿದರು. ಸ್ಟೂಲು ಎಳೆದುಕೊಂಡು ಕೂತರು.

"ಎಷ್ಟು ಹಿಂದಿನದ್ದಿರಬಹುದು ಮೇಡಂ ಇದು?"

"ಇಂಥ ಸ್ಟ್ಯಾಫ್‌ಗಳ ವಂಶವೃಕ್ಷ ಬಿಡಿಸಿ ನೋಡಿದೋರು ಇದಾರೆ. ಪೆನ್ಸಿಲಿನ್ ಮಾತ್ರೆ ಅನ್ನೋದು ಹುಟ್ಟೋಕೆ ನೂರು ವರ್ಷಕ್ಕೂ ಮೊದಲೇ ಇವು ಹೀಗಿದ್ವಂತೆ. ನಮ್ಮಜ್ಜಿಯ ಅಜ್ಜಿ ಹುಟ್ಟೋ ಮೊದಲು." ಕನ್ನಡಕ ಕಳಚಿ ಮೇಜಿನ ಮೇಲಿಟ್ಟು ಹೇಳಿದರು: "ನಾವೇ ಮೊದಲು ಅಂದ್ಕೊಂಡಿದ್ವಿ. ಎಷ್ಟು ಜಂಬ ನೋಡು."

ತಟ್ಟೆಗಳ ಮುಚ್ಚಳಕ್ಕೆ ಸುತ್ತಲೂ ಟೇಪು ಸುತ್ತಿ ಭದ್ರ ಮಾಡಿದ ಮೇಲೆ, ಹೊರಕೋಣೆಯ ಗಾಜಿನ ಕಿಟಕಿಯ ಆಚೆಯಿಂದ ಮನೆಯವರಿಗೆ ತೋರಿಸಲು ಮೇಡಂ ಒಪ್ಪಿದರು. ಮಾವ ಬೆರಳಿನ ಡ್ರೆಸ್ಸಿಂಗಿಗೆ ಬಂದ ದಿನ ಅತ್ತೆಯೂ ಹೊರಟು ನಿಂತರು. "ನಿಮಗ್ಯಾಕೆ?" ಎಂದು ಸೊಸೆ ಕೇಳಿದ್ದಕ್ಕೆ, "ನನ್ನ ಮನೆ ಹಾಳು ಮಾಡೋಕೆ ಬಂದಿದ್ದು ಯಾರು ಅಂತ ಮುಖ ನೋಡ್ಬೇಡ್ವೇ?" ಎಂದರು.

ಸೊಸೆ ಗಾಜಿಗೆ ಒತ್ತಿ ತಟ್ಟೆಗಳನ್ನು ಹಿಡಿದಳು. ಒಂದೊಂದಾಗಿ ಬಿಡಿಸಿ ಹೇಳಿದಳು. ಇದು ಗೊಣಗಪ್ಪನ ಬೂಷ್ಟು. ಇದು ಮುಳ್ಳಿಲಿಯ ಸ್ಟ್ಯಾಫ್, ನಿಮ್ಮ ಬೆರಳಿಗೆ ಹೊಕ್ಕಿದ್ದು. ಬೂಷ್ಟು ಇದನ್ನ ಕೊಲ್ಲೋಕೆ ನೋಡತ್ತೆ, ಆಗ್ತಾ ಇಲ್ಲ. ಈ ಕಡೆ ತಟ್ಟೆಯದನ್ನ ಹೇಗೆ ಕೊಂದಿದೆ ನೋಡಿ.

ಅತ್ತೆ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು. "ಇದು ಯಾರದು, ಈ ಸತ್ತಿರೋದು?"

"ನಂದು ಅತ್ತೆ. ನನ್ನ ಮೂಗಿನದು."

"ಅಂದ್ರೆ, ಸೋತಿದ್ದು ನಿನ್ನದು?"

"ಹೂಂ."

ಅತ್ತೆ ಬಹಳ ಹೊತ್ತು ಆ ಬರಿ ವೃತ್ತವನ್ನೇ ನೋಡಿದರು. "ಪಾಪ," ಎಂದರು. ಆಮೇಲೆ, ಯಾರನ್ನೂ ನೋಡದೆ, "ಅಷ್ಟು ದಿನ ಕೂಸನ್ನೂ ಎತ್ಕೊಳ್ದೆ ಕೂತಿದ್ಯಲ್ಲೇ," ಎಂದು ಸೆರಗಿನ ತುದಿಯಿಂದ ಗಾಜಿನ ಮೇಲೆ ತಮ್ಮ ಉಸಿರು ಕಟ್ಟಿದ್ದ ಮಬ್ಬನ್ನು ಒರೆಸಿದರು.

ಮಾವ ಬಸ್ಸಿನ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುವವರ ಹಾಗೆ ಕಣ್ಣು ಕಿರಿದು ಮಾಡಿ ತಟ್ಟೆ ನೋಡುತ್ತಿದ್ದರು. ಕೊನೆಗೆ ಕೇಳಿದರು: "ಹಾಗಾದ್ರೆ ಅವು ರೋಗ ಅಂಟಿಸ್ಕೊಂಡಿರೋದಲ್ಲ?"

"ಅಲ್ಲ ಮಾವ. ಅದು ಅವುಗಳ ಮೈಮೇಲಿನ ಸಂಸಾರ. ನಾವು ಹುಟ್ಟೋ ಮೊದಲಿಂದ ಇರೋದು."

"ಮುಳ್ಳಿಲಿಗೆ ಇದೆಲ್ಲ ಗೊತ್ತೇ ಇಲ್ಲ."

"ಇಲ್ಲ. ಅದರ ಪಾಡಿಗೆ ಅದು ಹುಳ ತಿನ್ಕೊಂಡು ಓಡಾಡ್ತಿರತ್ತೆ."

ಮಾವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಅವರ ಹಳೇ ನಗು ಮೂಡಿತು. ಬ್ಯಾಂಡೇಜಿನ ಬೆರಳನ್ನು ಎತ್ತಿ ಹಿಡಿದರು. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ. ಅವೆರಡೂ ನೂರಾರು ವರ್ಷದಿಂದ ಜಗಳ ಆಡ್ತಾ ಇದ್ವು. ನಡುವೆ ಹೋಗಿ ಸಿಕ್ಕಿಹಾಕ್ಕೊಂಡ ಕೂಸು ಇದು!" ಒಳಗಿದ್ದ ಮೇಡಂ ಕೂಡ ಗಾಜಿನಾಚೆ ನಕ್ಕದ್ದು ಕೇಳಿಸಿತು. ನಗು ಇಳಿದ ಮೇಲೆ ಮಾವ ತಟ್ಟೆಯ ಮುಂದೆ ತಲೆಯ ಟೋಪಿ ತೆಗೆದಿದ್ದನ್ನು ಸೊಸೆ ಕಂಡಳು. ಅವರಿಗದರ ಅರಿವಿರಲಿಲ್ಲ.

ಶೆಡ್ಡು ಹೋಗಲಿಲ್ಲ. ಅದಕ್ಕೊಂದು ನಲ್ಲಿ ಬಂತು, ಮೊಳಕೈವರೆಗಿನ ದಪ್ಪ ಕೈಗವಸು ಬಂತು, ಒಳಗಿನ ಚಪ್ಪಲಿ ಬೇರೆ, ಹೊರಗಿನದು ಬೇರೆ ಎಂಬ ಸೊಸೆಯ ಕಾನೂನು ಬಂತು. ಗಾಯದ ಕೈಯಲ್ಲಿ ಯಾರೂ ಒಳಗೆ ಹೋಗುವಂತಿಲ್ಲ. ಮಗುವಿಗೆ ಕಿಟಕಿಯಿಂದ ನೋಡುವಷ್ಟು ಮಾತ್ರ ಅಪ್ಪಣೆ. ಗಂಡ ಮೊದಮೊದಲು ಮುಖ ಗಂಟಿಕ್ಕಿದ, ಆಮೇಲೆ ನಲ್ಲಿಗೆ ಪೈಪು ಎಳೆದವನು ಅವನೇ. ಮಾವನ ಬೆರಳು ವಾಸಿಯಾಯಿತು, ಆದರೆ ಮೊದಲ ಗಿಣ್ಣು ಪೂರ್ತಿ ಮಡಚುವುದಿಲ್ಲ. ಅಂಗಡಿಯಲ್ಲಿ ಏನನ್ನಾದರೂ ತೋರಿಸಿದರೆ ಜನಕ್ಕೆ ಬೈಯುತ್ತಿದ್ದಾರೇನೋ ಅನ್ನಿಸುತ್ತದೆ. ಇನ್ನು ಅತ್ತೆ ಬೀದಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದ ಕಥೆಯಲ್ಲಿ ಪೆನ್ಸಿಲಿನ್ ಅನ್ನು ಮೊದಲು ಮಾಡಿದ್ದೇ ಮುಳ್ಳಿಲಿ ಎಂದಾಗಿ, ಅದನ್ನು ಕಂಡುಹಿಡಿದದ್ದು ತಮ್ಮ ಸೊಸೆ ಎಂದಾಗಿ, ಸೊಸೆ ಎಷ್ಟು ಸಲ ತಿದ್ದಿದರೂ ಅದು ಹಾಗೇ ನಿಂತಿತು.

ಪೊದೆಯಿಂದ ಬಂದಿದ್ದ ಮರಿಗಳು ದಪ್ಪಗಾದ ಮೇಲೆ ಒಂದು ಸಂಜೆ ಅವನ್ನು ಬಿಡಲು ಮಾವ ಹೊರಟಾಗ ಸೊಸೆಯೂ ಜೊತೆಗೆ ಹೋದಳು. ಊರಾಚೆ, ರಸ್ತೆ ಕೆಲಸ ಮುಗಿದ ಕಡೆ, ಹುಲ್ಲು ಮೊಣಕಾಲೆತ್ತರ ಬೆಳೆದ ಒಂದು ದಿಣ್ಣೆ. ಮಾವ ಡಬ್ಬವನ್ನು ಪಕ್ಕಕ್ಕೆ ವಾಲಿಸಿ ಹಿಂದೆ ಸರಿದರು. ಎರಡು ಚೆಂಡುಗಳು ಉರುಳಿ ನಿಂತವು. ಮುಳುಗುವ ಬಿಸಿಲು ಮುಳ್ಳಿನ ತುದಿಗಳಿಗೆಲ್ಲ ಹತ್ತಿಕೊಂಡಿತ್ತು. ಒಂದು ಬಿಚ್ಚಿಕೊಂಡು, ಗಾಳಿ ಮೂಸಿ, ಅವರಿಬ್ಬರನ್ನೂ ಲೆಕ್ಕಕ್ಕೇ ತೆಗೆದುಕೊಳ್ಳದೆ ಹುಲ್ಲಿನೊಳಗೆ ನುಗ್ಗಿತು. ಇನ್ನೊಂದು ಅದರ ಹಿಂದೆ.

ಅವಳು ಹುಲ್ಲು ಅಲುಗುತ್ತಿದ್ದ ಕಡೆಯೇ ನೋಡುತ್ತಿದ್ದಳು. ಅಲ್ಲೊಂದು, ಅಲ್ಲೊಂದು, ಆ ದಿಣ್ಣೆಯುದ್ದಕ್ಕೂ, ಅದರಾಚೆಯ ಎಲ್ಲ ದಿಣ್ಣೆಗಳಲ್ಲೂ ಇನ್ನೆಷ್ಟು ಇಂಥ ಬೆನ್ನುಗಳು. ಬರೀ ಮುಳ್ಳಿಲಿ ಮಾತ್ರವೇ? ಕಾಲ ಕೆಳಗಿನ ಮಣ್ಣಿನಲ್ಲಿ, ಎಲೆಯ ಅಡಿಯಲ್ಲಿ, ತನ್ನ ಸ್ವಂತ ಚರ್ಮದ ಮೇಲೆ ಯಾವ ಯಾವ ಕಾಲದ ಜಗಳಗಳು, ಯಾವ ಯಾವ ರಾಜಿಗಳು ಈಗ, ಈ ಕ್ಷಣ ನಡೆಯುತ್ತಿವೆಯೋ. ಅವಳು ಗವಸು ಕಳಚಿ ತನ್ನ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಎಂದಿನ ಅಂಗೈಯೇ. ಆದರೆ ಒಂದು ದೊಡ್ಡ ಊರನ್ನು ಬೆಟ್ಟದ ಮೇಲಿನಿಂದ ನೋಡಿದ ಹಾಗೆ ಅನ್ನಿಸಿ, ಎದೆ ತುಂಬಿ ಬಂತು.

"ಏನು ನೋಡ್ತಿದ್ದೀಯಮ್ಮ?" ಎಂದರು ಮಾವ.

"ಏನೂ ಇಲ್ಲ ಮಾವ. ಸುಮ್ನೆ."

ಅವರು ಖಾಲಿ ಡಬ್ಬವನ್ನು ಕಂಕುಳಿಗೆ ಸೇರಿಸಿಕೊಂಡರು. ಕತ್ತಲಾಗುವ ಮುಂಚೆ ಬಸ್ಸು ಹಿಡಿಯಬೇಕಿತ್ತು. ಇಬ್ಬರೂ ದಿಣ್ಣೆ ಇಳಿಯತೊಡಗಿದರು.